ಥ್ಯಾಂಕ್ಸ್‌ಗಿವಿಂಗ್ ವಾರದ ಟಾಕ್ ರೇಡಿಯೋ: ಪಿಲ್‌ಗ್ರಿಮ್‌ಗಳ ಆ ಕಥೆ ಎಷ್ಟು ನಿಜ?

ಹೆದ್ದಾರಿ_80

ಅಮೆರಿಕದ ಸುಗ್ಗಿ ಹಬ್ಬ ಥ್ಯಾಂಕ್ಸ್‌ಗಿವಿಂಗ್‌ನ ಹಿಂದಿನ ದಿನ, ಬುಧವಾರ, ನ್ಯೂಜೆರ್ಸಿಯಿಂದ ಒಹಾಯೋದಲ್ಲಿರುವ ಅಕ್ಕನ ಮನೆಗೆ ಕಾರಿನಲ್ಲಿ ಹೊರಟಿದ್ದೆವು. ಪೆನ್ಸಿಲ್ವೇನಿಯಾದ ಬೆಟ್ಟಗಳ ನಡುವೆ ಐ-80 ರಸ್ತೆಯಲ್ಲಿ ಫೋನಿನ ಸಿಗ್ನಲ್ ಹೋಯಿತು, ಹಾಡು ಅರ್ಧಕ್ಕೇ ನಿಂತಿತು. ಹೆಂಡತಿ, ಮಕ್ಕಳು ಎಲ್ಲರೂ ನಿದ್ದೆಯಲ್ಲಿದ್ದರು. ನನಗೂ ತೂಕಡಿಕೆ ಬರಬಾರದು ಅಂತ ಎಎಂ ರೇಡಿಯೋ ಹಾಕಿದೆ. ಹನ್ನೆರಡು ವರ್ಷದಿಂದ ಈ ದೇಶದಲ್ಲಿದ್ದೇನೆ, ಎಎಂ ಕೇಳಿದ್ದು ಅದೇ ಮೊದಲ ಸಲ.

ಕರಕರ ಸದ್ದಿನ ನಡುವೆ ಒಬ್ಬರು ಮಾತಾಡುತ್ತಿದ್ದರು. ಅವರು ದಿನಾ ಬರುವ ಹೋಸ್ಟ್ ಅಲ್ಲವಂತೆ, ರಜೆ ಅಂತ ಬದಲಿಗೆ ಬಂದು ಕೂತವರು. ಮೊದಲು ಕಾಂಗ್ರೆಸ್ಸಿನ (ಇಲ್ಲಿನ ಸಂಸತ್ತಿನ) ಖರ್ಚಿನ ಮಸೂದೆಗೆ ಚೆನ್ನಾಗಿ ಬೈದರು. ಆಮೇಲೆ ದನಿ ಇಳಿಸಿ ನಾನೂರು ವರ್ಷದ ಹಿಂದೆ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ ಬಂದ ಪಿಲ್‌ಗ್ರಿಮ್‌ಗಳ ಕಥೆ ಶುರು ಮಾಡಿದರು. ಆ ಜನ ಮೊದಲು ಹೊಲವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಹಸಿವಿನಿಂದ ಸತ್ತರಂತೆ, ಆಮೇಲೆ ಮನೆಗೊಂದು ತುಂಡು ಅಂತ ಹಂಚಿಕೊಂಡ ಮೇಲೆ ಕಣಜ ತುಂಬಿತಂತೆ, ಅದಕ್ಕೇ ಥ್ಯಾಂಕ್ಸ್‌ಗಿವಿಂಗ್ ಅಂತೆ. ಸಮಾಜವಾದ ಸೋತ ಕಥೆ ಇದು, ಶಾಲೆಯಲ್ಲಿ ಇದನ್ನು ಹೇಳಿಕೊಡುವುದಿಲ್ಲ ಅಂದರು. ಅದು ಮುಗಿದ ಮೇಲೆ ಒಬ್ಬ ಲಾರಿ ಡ್ರೈವರ್ ಫೋನ್ ಮಾಡಿದ. ಮಗ ಸೈನ್ಯದಲ್ಲಿದ್ದಾನೆ, ಈ ವರ್ಷವೂ ಹಬ್ಬಕ್ಕೆ ಬರುತ್ತಿಲ್ಲ ಅಂದ. ಮಾತು ಮುಂದೆ ಬರಲಿಲ್ಲ. ಹೋಸ್ಟ್ ಅವಸರ ಮಾಡಲಿಲ್ಲ, ಸುಮ್ಮನೆ ಕಾದರು. ಆಮೇಲೆ ಚಿನ್ನದ ನಾಣ್ಯದ ಜಾಹೀರಾತು ಬಂತು.

ಪೆಟ್ರೋಲ್ ಹಾಕಿಸಿದ ಮೇಲೂ ಹತ್ತು ನಿಮಿಷ ಕಾರಿನಲ್ಲೇ ಕೂತು ಕೇಳಿದೆ. ರಾಜಕೀಯ ನನಗೆ ಒಪ್ಪಿಗೆಯಾಗಲಿಲ್ಲ, ಆದರೆ ಆ ದನಿ ಎಳೆದು ಕೂರಿಸಿತು. ತಿಳಿದವರು ಹೇಳಿ: ಈ ಕಥೆ ನಿಜವಾ? ಹಬ್ಬದ ವಾರ ಇದನ್ನೇ ಯಾಕೆ ಹೇಳುತ್ತಾರೆ? ಇಷ್ಟು ದೊಡ್ಡ ಕಾರ್ಯಕ್ರಮಗಳು ಎಲ್ಲ ಊರಲ್ಲೂ ಒಂದೇ ಥರ ಬರುವುದು ಹೇಗೆ?

ಹಳೇ_ಕೇಳುಗ

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

1980ರ ದಶಕದ ಹೊತ್ತಿಗೆ ಹಾಡು ಕೇಳುವವರೆಲ್ಲ ಎಫ್‌ಎಂಗೆ ಹೋಗಿಬಿಟ್ಟಿದ್ದರು. ಎಎಂ ಸ್ಟೇಷನ್‌ಗಳು ಖಾಲಿ ಹೊಡೆಯುತ್ತಿದ್ದವು. ಅದೇ ಹೊತ್ತಿಗೆ, 1987ರಲ್ಲಿ, ರೇಡಿಯೋ, ಟಿವಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ ತನ್ನ ಫೇರ್‌ನೆಸ್ ಡಾಕ್ಟ್ರಿನ್ ಎಂಬ ನಿಯಮವನ್ನು ಕೈಬಿಟ್ಟಿತು. ವಿವಾದದ ವಿಷಯ ಎತ್ತಿದರೆ ಬೇರೆ ಅಭಿಪ್ರಾಯಕ್ಕೂ ಜಾಗ ಕೊಡಬೇಕು ಅನ್ನುವ ಆ ನಿಯಮ 1949ರಿಂದ ಇತ್ತು. ಕಾಂಗ್ರೆಸ್ ಅದನ್ನು ಕಾನೂನು ಮಾಡಲು ಹೊರಟಾಗ ಅಧ್ಯಕ್ಷ ರೇಗನ್ ವೀಟೋ ಹಾಕಿದರು. ಮರುವರ್ಷ, 1988ರ ಆಗಸ್ಟ್‌ನಲ್ಲಿ, ಸ್ಯಾಕ್ರಮೆಂಟೋದಲ್ಲಿ ಹೆಸರು ಮಾಡಿದ್ದ ಬಲಪಂಥೀಯ ಹೋಸ್ಟ್ ರಷ್ ಲಿಂಬಾ ನ್ಯೂಯಾರ್ಕಿಗೆ ಬಂದು ದೇಶಕ್ಕೆಲ್ಲ ಕೇಳುವ ಕಾರ್ಯಕ್ರಮ ಶುರು ಮಾಡಿದರು. ಮಧ್ಯಾಹ್ನ ಹನ್ನೆರಡರಿಂದ ಮೂರು. ಅತಿಥಿಗಳು ಬಹಳ ಅಪರೂಪ. ಒಬ್ಬರೇ ಮೂರು ಗಂಟೆ ಮಾತಾಡುವುದು, ನಡುನಡುವೆ ಜನರ ಫೋನು.

ಸ್ಟೇಷನ್‌ಗಳಿಗೆ ಇದು ಹೇಗೆ ಗಿಟ್ಟಿತು ಅಂದರೆ, ದುಡ್ಡಿನ ಬದಲು ಜಾಹೀರಾತಿನ ನಿಮಿಷಗಳನ್ನು ಕೊಟ್ಟರೆ ಸಾಕಿತ್ತು. ಕಾರ್ಯಕ್ರಮ ಉಪಗ್ರಹದಿಂದ ಬರುತ್ತದೆ, ಒಂದಿಷ್ಟು ನಿಮಿಷ ನೆಟ್‌ವರ್ಕ್ ಮಾರಿಕೊಳ್ಳುತ್ತದೆ, ಉಳಿದ ನಿಮಿಷ ಊರಿನ ಸ್ಟೇಷನ್ನಿಗೆ. ಸಂಬಳ ಕೊಟ್ಟು ಊರಿನವರನ್ನು ಇಟ್ಟುಕೊಳ್ಳುವುದಕ್ಕಿಂತ ಅಗ್ಗ. 1996ರ ಟೆಲಿಕಾಂ ಕಾಯ್ದೆ ಬಂದ ಮೇಲೆ ಒಂದು ಕಂಪನಿ ದೇಶದಲ್ಲಿ ಇಷ್ಟೇ ರೇಡಿಯೋ ಸ್ಟೇಷನ್ ಇಟ್ಟುಕೊಳ್ಳಬೇಕು ಅನ್ನುವ ಮಿತಿಯೂ ಹೋಯಿತು. ಇವತ್ತಿನ ಐಹಾರ್ಟ್, ಆಗಿನ ಕ್ಲಿಯರ್ ಚಾನೆಲ್, ಸಾವಿರಕ್ಕೂ ಜಾಸ್ತಿ ಸ್ಟೇಷನ್ ಕೂಡಿಹಾಕಿಕೊಂಡಿತು. ಹಾಗಾಗಿ ನೀವು ಪೆನ್ಸಿಲ್ವೇನಿಯಾದಲ್ಲಿ ಕೇಳಿದ್ದೇ ಒಹಾಯೋದಲ್ಲೂ, ಇಂಡಿಯಾನಾದಲ್ಲೂ. ಒಂದು ಸ್ಟೇಷನ್ ಮಾಸಿದರೆ ಮುಂದಿನದರಲ್ಲಿ ಅದೇ ವಾಕ್ಯ ಮುಂದುವರಿಯುತ್ತದೆ.

ನಾನು 1990ರ ದಶಕದಲ್ಲಿ ಇಂಡಿಯಾನಾದಲ್ಲಿ ಯಂತ್ರದ ಬಿಡಿಭಾಗ ಮಾರುವ ಕೆಲಸದಲ್ಲಿದ್ದೆ. ದಿನಕ್ಕೆ ಐದಾರು ಗಂಟೆ ಕಾರಿನಲ್ಲಿ. ವರ್ಕ್‌ಶಾಪ್‌ಗಳಿಗೆ ಹೋದರೆ ಲೇತ್ ಪಕ್ಕದಲ್ಲಿ ಗ್ರೀಸ್ ಮೆತ್ತಿದ ಒಂದು ರೇಡಿಯೋ, ಅದರಲ್ಲಿ ಇದೇ ದನಿ. ಯಾರು ಕೇಳುತ್ತಾರೆ ಅಂದರೆ ಇವರೇ: ಕೈ ಕೆಲಸದಲ್ಲಿರುತ್ತದೆ, ಕಿವಿ ಖಾಲಿ ಇರುತ್ತದೆ. ಟಿವಿ ನೋಡಲು ಆಗುವುದಿಲ್ಲ, ಪತ್ರಿಕೆ ಓದಲು ಆಗುವುದಿಲ್ಲ. ದಿನಕ್ಕೆ ಮೂರು ಗಂಟೆ, ವರ್ಷಗಟ್ಟಲೆ ಒಬ್ಬರ ದನಿ ಕೇಳಿದರೆ ಅವರು ಮನೆಯವರ ಹಾಗೇ ಆಗುತ್ತಾರೆ. 1994ರಲ್ಲಿ ರಿಪಬ್ಲಿಕನ್ನರು ನಲವತ್ತು ವರ್ಷದ ನಂತರ ಕಾಂಗ್ರೆಸ್ಸಿನ ಕೆಳಮನೆ ಹೌಸ್ ಅನ್ನು ಗೆದ್ದಾಗ, ಹೊಸದಾಗಿ ಗೆದ್ದ ಸದಸ್ಯರು ಲಿಂಬಾರನ್ನು ತಮ್ಮ ಗುಂಪಿನ ಗೌರವ ಸದಸ್ಯ ಮಾಡಿಕೊಂಡರು. ಅಷ್ಟು ತೂಕ ಇತ್ತು.

ಆ ಪಿಲ್‌ಗ್ರಿಮ್ ಕಥೆಯನ್ನು ಮನೆಮಾತು ಮಾಡಿದ್ದೂ ಅವರೇ. ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಹೋಗುವ ಮುಂಚೆ ಓದುತ್ತಿದ್ದರು. ಅವರು ತೀರಿಕೊಂಡದ್ದು 2021ರ ಫೆಬ್ರವರಿಯಲ್ಲಿ. ಕಥೆ ಮಾತ್ರ ಬೇರೆಯವರ ಬಾಯಲ್ಲಿ ಇನ್ನೂ ನಡೆಯುತ್ತಿದೆ.

ಪ್ಲಿಮತ್_ಹತ್ತಿರದವಳು

ನಾನು ಪಿಲ್‌ಗ್ರಿಮ್‌ಗಳು ನೆಲೆಸಿದ ಮ್ಯಾಸಚೂಸೆಟ್ಸ್‌ನ ಪ್ಲಿಮತ್‌ನಿಂದ ಅರ್ಧ ಗಂಟೆ ದೂರದಲ್ಲಿದ್ದೇನೆ. ಊರಿಂದ ಯಾರೇ ಬಂದರೂ ಅಲ್ಲಿಗೆ ಕರೆದುಕೊಂಡು ಹೋಗಿ ಹೋಗಿ ಈ ಕಥೆ ನನಗೆ ಬಾಯಿಪಾಠ ಆಗಿದೆ. ಆಮೇಲೆ ಕುತೂಹಲಕ್ಕೆ ಆ ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಬರೆದಿಟ್ಟದ್ದನ್ನೇ ತೆಗೆದು ಓದಿದೆ.

ರೇಡಿಯೋ ಕಥೆಗೆ ಬೇರು ಇದೆ. ಅದನ್ನು ಮೊದಲು ಒಪ್ಪಿಕೊಳ್ಳಬೇಕು. ಶುರುವಿನಲ್ಲಿ ದುಡಿಮೆಯ ಫಲವೆಲ್ಲ ಒಂದೇ ಉಗ್ರಾಣಕ್ಕೆ ಹೋಗುತ್ತಿತ್ತು. 1623ರಲ್ಲಿ ಪ್ರತಿ ಕುಟುಂಬಕ್ಕೂ ಮೆಕ್ಕೆಜೋಳ ಬೆಳೆಯಲು ಬೇರೆ ಬೇರೆ ಹೊಲ ಕೊಟ್ಟರು. ಆಮೇಲೆ ಜನ ಮೈಮುರಿದು ದುಡಿದರು, ಹೆಂಗಸರೂ ಮನಸ್ಸಿಟ್ಟು ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಹೋದರು ಅಂತ ಬ್ರಾಡ್‌ಫರ್ಡ್ ಸ್ವತಃ ಬರೆದಿದ್ದಾರೆ. ಎಲ್ಲರದೂ ಎಲ್ಲರಿಗೂ ಅನ್ನುವ ಪದ್ಧತಿಯಿಂದ ಜಗಳ, ಅಸಮಾಧಾನ ಹುಟ್ಟಿತು ಅಂತಲೂ ಬರೆದಿದ್ದಾರೆ. ಇಲ್ಲಿ ರೇಡಿಯೋದವರು ಏನೂ ಕಟ್ಟಿ ಹೇಳುತ್ತಿಲ್ಲ.

ಆದರೆ ಇಸವಿ ನೋಡಿ. ನಾವು ಮೊದಲ ಥ್ಯಾಂಕ್ಸ್‌ಗಿವಿಂಗ್ ಅನ್ನುವ ಊಟ ನಡೆದದ್ದು 1621ರ ಶರತ್ಕಾಲದಲ್ಲಿ, ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ಜೊತೆ. ಹೊಲ ಹಂಚಿದ್ದು ಎರಡು ವರ್ಷ ಆದಮೇಲೆ. ಅಂದರೆ ಆ ಊಟದ ಕಾಳು ಬಂದದ್ದು ಒಟ್ಟಿಗೆ ಬೆಳೆದ ಹೊಲದಿಂದ! ಇದನ್ನು ಹೇಳಿಬಿಟ್ಟರೆ ಕಥೆಯ ತಿರುವೇ ಕೂಡುವುದಿಲ್ಲ, ಅಲ್ವಾ?

ಇನ್ನೆರಡು ವಿಷಯ ಬಿಟ್ಟುಹೋಗುತ್ತವೆ. ಒಂದು, ಆ ಹಂಚಿಕೊಳ್ಳುವ ಪದ್ಧತಿ ಯಾವುದೋ ಸಮಾಜವಾದಿ ಆದರ್ಶದಿಂದ ಬಂದದ್ದಲ್ಲ. ಲಂಡನ್ನಿನ ಹಣ ಹೂಡಿದ ವ್ಯಾಪಾರಿಗಳ ಜೊತೆ ಮಾಡಿಕೊಂಡ ಏಳು ವರ್ಷದ ಕರಾರು ಅದು. ಲಾಭಕ್ಕಾಗಿ ಮಾಡಿದ ಒಪ್ಪಂದ. ಎರಡು, ಮೊದಲ ಚಳಿಗಾಲದಲ್ಲಿ ನೂರಾ ಎರಡು ಜನರಲ್ಲಿ ಸುಮಾರು ಅರ್ಧ ಜನ ಸತ್ತದ್ದು ಸೋಮಾರಿತನದಿಂದಲ್ಲ. ಅವರು ಬಂದಿಳಿದದ್ದೇ 1620ರ ಕೊನೆಯಲ್ಲಿ. ಬಿತ್ತುವ ಕಾಲ ಯಾವತ್ತೋ ಮುಗಿದಿತ್ತು. ಚಳಿ, ರೋಗ, ಸರಿಯಾದ ಸೂರಿಲ್ಲ. ಮರುವರ್ಷ ಉಳಿದವರಿಗೆ ಮೆಕ್ಕೆಜೋಳ ಬಿತ್ತುವುದನ್ನು, ಗುಣಿಗೆ ಗೊಬ್ಬರವಾಗಿ ಮೀನು ಹಾಕುವುದನ್ನು ಹೇಳಿಕೊಟ್ಟದ್ದು ಮೂಲನಿವಾಸಿ ಟಿಸ್ಕ್ವಾಂಟಮ್, ಶಾಲೆ ಪುಸ್ತಕದ ಸ್ಕ್ವಾಂಟೋ.

ಪ್ಲಿಮತ್ ಬಂದರಿನ ಎದುರು ಒಂದು ಗುಡ್ಡ ಇದೆ, ಕೋಲ್ಸ್ ಹಿಲ್. ಆ ಚಳಿಗಾಲದಲ್ಲಿ ಸತ್ತವರನ್ನು ಅಲ್ಲಿ ಹೂತರು ಅನ್ನುತ್ತಾರೆ. ನವೆಂಬರ್ ಗಾಳಿಯಲ್ಲಿ ಅಲ್ಲಿ ಐದು ನಿಮಿಷ ನಿಲ್ಲಲು ನನ್ನ ಕೈಲಿ ಆಗಲಿಲ್ಲ, ದಪ್ಪ ಕೋಟು ಹಾಕಿಕೊಂಡಿದ್ದರೂ. ಅಲ್ಲಿ ನಿಂತಮೇಲೆ, ಯಾವ ಪಕ್ಷದವರೇ ಆಗಲಿ ಆ ಸಾವುಗಳನ್ನು ತಮ್ಮ ವಾದಕ್ಕೆ ಎಳೆದುಕೊಂಡರೆ ನನಗೆ ಸಂಕಟವಾಗುತ್ತದೆ.

ಹೆದ್ದಾರಿ_80

ಇಬ್ಬರಿಗೂ ತುಂಬಾ ಥ್ಯಾಂಕ್ಸ್. 1621, 1623ರ ವಿಷಯ ಗೊತ್ತಿರಲಿಲ್ಲ. ಇನ್ನೊಂದು ಕೇಳಬೇಕಿತ್ತು. ಹಬ್ಬದ ವಾರವೂ ಖರ್ಚಿನ ಮಸೂದೆ ಅಂತ ಯಾಕೆ ಅಷ್ಟು ಕಾವು? ಆ ವಾರ ಯಾರು ಕೇಳುತ್ತಾರೆ?

ಗ್ಯಾರೇಜ್_ಪಕ್ಕದ_ಮನೆ

ಆ ವಾರವೇ ಕೇಳಬೇಕು. ಸರ್ಕಾರದ ಲೆಕ್ಕದ ವರ್ಷ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ, ಅಷ್ಟರೊಳಗೆ ಬಜೆಟ್ ಮುಗಿಯುವುದು ಅಪರೂಪ. ತಾತ್ಕಾಲಿಕ ಮಸೂದೆ ಹಾಕಿ ಮುಂದೂಡುತ್ತಾರೆ, ಗಡುವು ಬಹಳ ಸಲ ಕ್ರಿಸ್ಮಸ್ ಹತ್ತಿರಕ್ಕೇ ಬಂದು ನಿಲ್ಲುತ್ತದೆ. ಎಲ್ಲರಿಗೂ ಮನೆಗೆ ಹೋಗುವ ಆತುರ, ಸಾವಿರಾರು ಪುಟದ ಮಸೂದೆ, ಓದಲು ಟೈಮಿಲ್ಲ. ಬಲಪಂಥೀಯ ಹೋಸ್ಟ್‌ಗಳ ಹಳೆಯ ದೂರು ಇದು: ಜನ ನೋಡದೇ ಇರುವ ವಾರ ನೋಡಿಕೊಂಡು ಪಾಸ್ ಮಾಡುತ್ತಾರೆ ಅಂತ. ಪೂರ್ತಿ ಸುಳ್ಳು ಅನ್ನಲು ಆಗುವುದಿಲ್ಲ. ಒಬಾಮಾ ಆರೋಗ್ಯ ವಿಮೆ ಮಸೂದೆ ಸೆನೆಟ್ ದಾಟಿದ್ದು 2009ರ ಡಿಸೆಂಬರ್ 24ರ ಬೆಳಗ್ಗೆ, 60-39 ಮತದಲ್ಲಿ.

ರೇಡಿಯೋದ ಶಕ್ತಿ ನಾನು ಹತ್ತಿರದಿಂದ ಕಂಡದ್ದು 2018ರ ಡಿಸೆಂಬರ್‌ನಲ್ಲಿ. 19ನೇ ತಾರೀಖು ಸೆನೆಟ್ ತಾತ್ಕಾಲಿಕ ಮಸೂದೆಯನ್ನು ಒಪ್ಪಿತು, ಅದರಲ್ಲಿ ಮೆಕ್ಸಿಕೋ ಗಡಿಯ ಗೋಡೆಗೆ ಟ್ರಂಪ್ ಕೇಳಿದ ಹಣ ಇರಲಿಲ್ಲ. ಅಧ್ಯಕ್ಷರು ಸಹಿ ಹಾಕುತ್ತಾರೆ ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಲಿಂಬಾ ಮೈಕ್ ಹಿಡಿದು ಟ್ರಂಪ್‌ಗೆ ಏನೂ ಸಿಗಲಿಲ್ಲ ಅಂದರು. ಮರುದಿನವೇ ಅಧ್ಯಕ್ಷರು ಸಹಿ ಹಾಕುವುದಿಲ್ಲ ಅಂದರು. ಅಷ್ಟೇ ಅಲ್ಲ, ಹಣ ಬಾರದಿದ್ದರೆ ಸರ್ಕಾರ ಮುಚ್ಚುತ್ತೇನೆ ಅಂತ ಅಧ್ಯಕ್ಷರು ತಮಗೆ ಹೇಳಿಕಳಿಸಿದ್ದಾರೆ ಅಂತ ಲಿಂಬಾ ಕಾರ್ಯಕ್ರಮದಲ್ಲೇ ಹೇಳಿದರು. 22ಕ್ಕೆ ಶಟ್‌ಡೌನ್, ಅಂದರೆ ಹಣವಿಲ್ಲದೆ ಹಲವು ಸರ್ಕಾರಿ ಕಚೇರಿ ಮುಚ್ಚುವುದು, ಶುರು. 35 ದಿನ ನಡೆಯಿತು. ಸುಮಾರು ಎಂಟು ಲಕ್ಷ ಫೆಡರಲ್ ನೌಕರರಿಗೆ ಸಂಬಳ ನಿಂತಿತು. ಬರೀ ರೇಡಿಯೋದಿಂದ ಆಯಿತು ಅನ್ನುವುದಿಲ್ಲ, ಹೌಸ್‌ನಲ್ಲಿದ್ದ ಕಟ್ಟಾ ಬಲಪಂಥೀಯರ ಒತ್ತಡವೂ ಇತ್ತು. ಆದರೆ ರೇಡಿಯೋ ಕೇಳುವವರು ಕೈಬಿಟ್ಟರೆ ಕಷ್ಟ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಪಕ್ಕದ ಮನೆಯವರು ಫೆಡರಲ್ ನೌಕರರು. ಜನವರಿ 11ಕ್ಕೆ ಬರಬೇಕಾದ ಸಂಬಳ ಬರಲಿಲ್ಲ. ಬಾಗಿಲಿಗೆ ಕ್ರಿಸ್ಮಸ್ ದೀಪ ಇನ್ನೂ ಕಟ್ಟಿತ್ತು, ಕರೆಂಟ್ ಬಿಲ್ಲಿಗಾಗಿ ಆರಿಸಿಟ್ಟಿದ್ದರು. ನಾನೂ ಹೆಂಡತಿಯೂ ಸಾರು, ಅನ್ನ ತೆಗೆದುಕೊಂಡು ಹೋದಾಗ ಅವರು ಗ್ಯಾರೇಜಿನಲ್ಲಿ ಹಳೇ ಸ್ನೋಬ್ಲೋವರ್ ಬಿಚ್ಚಿಕೊಂಡು ಕೂತಿದ್ದರು. ಪಕ್ಕದಲ್ಲಿ ಅದೇ ರೇಡಿಯೋ ಓಡುತ್ತಿತ್ತು. ನನಗೆ ತಡೆಯಲಿಲ್ಲ, ನಿಮಗೆ ಕೋಪ ಬರುವುದಿಲ್ವಾ ಅಂತ ಕೇಳಿದೆ. ಈಗ ಬಿಟ್ಟುಕೊಟ್ಟರೆ ನಾನು ಇಷ್ಟು ದಿನ ಕಷ್ಟಪಟ್ಟದ್ದು ನೀರಿಗೆ ಹೋಗುತ್ತದೆ ಅಂದರು. ಅವರನ್ನು ಪೆದ್ದರು ಅಂತ ನಾನು ಒಂದು ಕ್ಷಣವೂ ಅಂದುಕೊಳ್ಳಲಿಲ್ಲ. ನಂಬಿದ ಮಾತಿಗೆ ತಮ್ಮ ಸಂಬಳವನ್ನೇ ಪಣಕ್ಕಿಟ್ಟ ಮನುಷ್ಯ. ಕೊನೆಗೆ ಫೆಬ್ರವರಿಯಲ್ಲಿ ಕಾಂಗ್ರೆಸ್ ಗಡಿಬೇಲಿಗೆ ಕೊಟ್ಟದ್ದು 137.5 ಕೋಟಿ ಡಾಲರ್. ಟ್ರಂಪ್ ಕೇಳಿದ್ದು 570 ಕೋಟಿ.

ಈಗ ಆ ಜಾಗಕ್ಕೆ ಫೋನು ಬಂದಿದೆ. 2024ರ ಡಿಸೆಂಬರ್‌ನಲ್ಲಿ 1,547 ಪುಟದ ಮಸೂದೆಯನ್ನು ಕೆಡವಿದ್ದರಲ್ಲಿ ಇಲಾನ್ ಮಸ್ಕ್ ಒಂದೇ ದಿನ ಎಕ್ಸ್‌ನಲ್ಲಿ ಸಾಲುಸಾಲಾಗಿ ಹಾಕಿದ ಪೋಸ್ಟ್‌ಗಳ ಪಾಲು ದೊಡ್ಡದು. ಹಿಂದೆ ಆ ಕೆಲಸ ಮಧ್ಯಾಹ್ನದ ರೇಡಿಯೋ ಮಾಡುತ್ತಿತ್ತು.

ಪ್ಲಿಮತ್_ಹತ್ತಿರದವಳು

ಆ ಪಕ್ಕದ ಮನೆಯವರ ಮೇಲೆ ನನಗೂ ಗೌರವ ಇದೆ. ಆದರೆ ಮೈಕ್ ಹಿಡಿದವರನ್ನು ಅಷ್ಟು ಸುಲಭಕ್ಕೆ ಬಿಡಲು ನನ್ನಿಂದ ಆಗುವುದಿಲ್ಲ. 2012ರಲ್ಲಿ ಗರ್ಭನಿರೋಧಕದ ವಿಮೆ ಬಗ್ಗೆ ಕಾಂಗ್ರೆಸ್ ಸದಸ್ಯರ ಮುಂದೆ ಮಾತಾಡಿದ ಒಬ್ಬ ಕಾನೂನು ವಿದ್ಯಾರ್ಥಿನಿಯನ್ನು ಲಿಂಬಾ ಎಷ್ಟು ಕೀಳಾಗಿ ಬೈದರು ಅಂದರೆ ಜಾಹೀರಾತುದಾರರೇ ಬಿಟ್ಟುಹೋದರು, ಅವರು ಕ್ಷಮೆ ಕೇಳಬೇಕಾಯಿತು. ಆಗ ನನ್ನ ಮಗಳಿಗೆ ಹದಿನೈದು ವರ್ಷ. ಶಾಲೆ ಬಸ್ಸಿನಲ್ಲಿ ಹುಡುಗರು ಆ ಪದ ಹೇಳುತ್ತಿದ್ದರು ಅಂತ ಅವಳು ಬಂದು ಹೇಳಿದಳು. ನನಗೆ ಅದು ಮರೆತುಹೋಗುವುದಿಲ್ಲ.

ಹಳೇ_ಕೇಳುಗ

ಅದನ್ನು ನಾನು ಸಮರ್ಥಿಸುವುದಿಲ್ಲ. ಆ ವಾರ ನಾನೂ ರೇಡಿಯೋ ಆರಿಸಿದ್ದೆ, ಮತ್ತೆ ಹಾಕಲು ತಿಂಗಳುಗಳೇ ಬೇಕಾದವು.

ಹೆದ್ದಾರಿ ಅವರು ಕೇಳಿದ ಹಬ್ಬದ ವಾರದ ವಿಷಯಕ್ಕೆ ಒಂದು ಸೇರಿಸುತ್ತೇನೆ. ಕ್ರಿಸ್ಮಸ್ ವಾರ ದೊಡ್ಡ ಹೋಸ್ಟ್‌ಗಳು ರಜೆ ಹಾಕುತ್ತಾರೆ. ಬದಲಿಗೆ ಕೂತವರು ಇಲ್ಲವೇ ಹಳೇ ರೆಕಾರ್ಡಿಂಗು ಬರುತ್ತದೆ. ಲಿಂಬಾ ಕಾಲದಲ್ಲಿ ಮಾರ್ಕ್ ಸ್ಟೈನ್ ಬರುತ್ತಿದ್ದರು, ಅರ್ಥಶಾಸ್ತ್ರದ ಪ್ರೊಫೆಸರ್ ವಾಲ್ಟರ್ ವಿಲಿಯಮ್ಸ್ ಬರುತ್ತಿದ್ದರು. ವಿಲಿಯಮ್ಸ್ ಕೂತರೆ ನನಗೆ ಖುಷಿ, ಕೂಗದೆ ನಗುತ್ತಾ ಪಾಠ ಮಾಡುತ್ತಿದ್ದರು. ಹಾಗಾಗಿ ರಜೆಗೆ ಹೋಗುವ ಮುಂಚಿನ ಕೊನೆಯ ಕಾರ್ಯಕ್ರಮಕ್ಕೆ ಬೇರೆಯೇ ಭಾವ ಇರುತ್ತಿತ್ತು.

ಲಿಂಬಾ ಅವರ 2020ರ ಡಿಸೆಂಬರ್ 23ರ ಕಾರ್ಯಕ್ರಮ ನನಗೆ ಚೆನ್ನಾಗಿ ನೆನಪಿದೆ. ಶ್ವಾಸಕೋಶದ ಕ್ಯಾನ್ಸರ್ ಇದೆ ಅಂತ ಆ ವರ್ಷದ ಶುರುವಿನಲ್ಲೇ ಹೇಳಿದ್ದರು. ಅಕ್ಟೋಬರ್ ದಾಟುತ್ತೇನೆ ಅಂತ ಯಾರೂ ಅಂದುಕೊಂಡಿರಲಿಲ್ಲ, ನವೆಂಬರ್ ದಾಟಿದೆ, ಇಗೋ ಡಿಸೆಂಬರ್ ಅಂತ ಕೇಳುಗರಿಗೆ ಕೃತಜ್ಞತೆ ಹೇಳಿದರು. ದನಿ ಸಣ್ಣಗಾಗಿತ್ತು. ನಾನು ಅಂಗಡಿ ಪಾರ್ಕಿಂಗ್‌ನಲ್ಲಿದ್ದೆ. ಪಕ್ಕದ ಪಿಕಪ್‌ನಲ್ಲಿ ಇನ್ನೊಬ್ಬ ಮನುಷ್ಯ ಎಂಜಿನ್ ಆರಿಸದೆ ಕೂತಿದ್ದ. ಅವನ ಕಿಟಕಿಯಿಂದಲೂ ಅದೇ ದನಿ ಬರುತ್ತಿತ್ತು. ಜಾಹೀರಾತು ಬರುವ ತನಕ ಇಬ್ಬರೂ ಇಳಿಯಲಿಲ್ಲ.

ಹೆದ್ದಾರಿ_80

ಕ್ರಿಸ್ಮಸ್‌ಗೆ ಮತ್ತೆ ಅದೇ ದಾರಿಯಲ್ಲಿ ಹೋಗುತ್ತಿದ್ದೇವೆ. ದೊಡ್ಡ ಮಗಳಿಗೆ ಶಾಲೆಯಲ್ಲಿ ಈ ವರ್ಷ ಪ್ಲಿಮತ್ ಪಾಠ ಇದೆ. ಬ್ರಾಡ್‌ಫರ್ಡ್ ಪುಸ್ತಕ ಲೈಬ್ರರಿಯಲ್ಲಿ ಹೇಳಿಟ್ಟಿದ್ದೇನೆ, ಆ ಎರಡು ಇಸವಿಗಳನ್ನು ಅವಳ ಕೈಲೇ ಹುಡುಕಿಸುತ್ತೇನೆ.