ಜಾಹೀರಾತಿನಲ್ಲಿ ಟಿಎಫ್, ನನ್ನ ಕಣ್ಣಿಗೆ ಟಿಡಿ: ಹಳೆಯ ಎಂಜಿ ಕೊಂಡವರು ಅನುಭವ ತಿಳಿಸಿ

ರೆಡಿಂಗ್ ವಾಸಿ:
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ನಾನು ನಿವೃತ್ತಿಯ ಹಣದಲ್ಲಿ ಎಂಜಿ ಎಂಬ ಬ್ರಿಟಿಷ್ ಕಂಪನಿಯ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳಲು ಹೊರಟಿದ್ದೇನೆ. ಹತ್ತಿರದ ಮಾರಾಟಗಾರರೊಬ್ಬರು ‘1953ರ ಎಂಜಿ ಟಿಎಫ್’ ಎಂದು ಜಾಹೀರಾತು ಹಾಕಿ 21,000 ಪೌಂಡ್ ಕೇಳುತ್ತಿದ್ದಾರೆ. ಲಾಗ್‌ಬುಕ್ಕಿನಲ್ಲಿ (ನೋಂದಣಿ ಪತ್ರದಲ್ಲಿ) ಬರಿದೇ ‘ಎಂಜಿ ಮಿಡ್ಜೆಟ್’ ಎಂದಿದೆ. ಚಿತ್ರದಲ್ಲಿ ರೇಡಿಯೇಟರು ನೆಟ್ಟಗೆ ನಿಂತಿದೆ, ಹೆಡ್‌ಲೈಟುಗಳು ಮಡ್‌ಗಾರ್ಡಿಗೆ ಅಂಟದೆ ಬೇರೆಯಾಗಿವೆ. ಅದಕ್ಕೇ ನನಗದು ಟಿಎಫ್‌ಗಿಂತ ಹಿಂದಿನ ಮಾದರಿಯಾದ ಟಿಡಿ ಎನಿಸುತ್ತದೆ. ಚಕ್ರಗಳು ಮಾತ್ರ ತಂತಿ ಸ್ಪೋಕಿನವು. ಸ್ಪೋಕ್ ಚಕ್ರವೇ ಟಿಎಫ್ ಎನ್ನುವುದಕ್ಕೆ ಸಾಕ್ಷಿ ಎಂಬುದು ಅವರ ವಾದ. ಇಂಥ ಗೊಂದಲದಲ್ಲಿ ಸಿಕ್ಕಿಕೊಂಡವರು ದಯವಿಟ್ಟು ತಿಳಿಸಿ.

ಗ್ರೀಸ್ ಕೈ (ಕಾವೆಂಟ್ರಿ):
ನನ್ನ ಗಾಯ ಇನ್ನೂ ಹಸಿಯಾಗಿದೆ, ಆದ್ದರಿಂದ ಉದ್ದಕ್ಕೆ ಬರೆಯುತ್ತೇನೆ. 2016ರಲ್ಲಿ ನಾನು ಕೊಂಡದ್ದು ‘ಟಿಎಫ್ 1500’, ಅಂದರೆ ದೊಡ್ಡ ಎಂಜಿನ್ನಿನ ಟಿಎಫ್. ಬಾನೆಟ್ಟಿನ ಎರಡೂ ಬದಿಯಲ್ಲಿ ಹಾಗೆಂದು ಬರೆದ ಪಟ್ಟಿಗಳಿದ್ದವು, ಆ ಪಟ್ಟಿಗಳನ್ನು ನೋಡಿಯೇ ಸಾಮಾನ್ಯ ಟಿಎಫ್‌ಗಿಂತ 4,000 ಪೌಂಡ್ ಹೆಚ್ಚು ಎಣಿಸಿದೆ. ತಯಾರಾದ 9,600 ಟಿಎಫ್‌ಗಳಲ್ಲಿ 1500 ಎನ್ನುವವು 3,400 ಮಾತ್ರ. ಅವಕ್ಕೆ ಬೆಲೆ ಇರುವುದು ಅದಕ್ಕೇ. ಆರು ತಿಂಗಳ ನಂತರ ಎಂಜಿನ್ ಮೇಲಿನ ಎಂಟು ಮೂಲೆಯ ಪುಟ್ಟ ತಗಡನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಾಗ ಕಂಡದ್ದು ‘ಎಕ್ಸ್‌ಪಿಎಜಿ’, ಅಂದರೆ 1250 ಸಿಸಿ. 1466 ಸಿಸಿಯ ಎಂಜಿನ್ನಿಗೆ ‘ಎಕ್ಸ್‌ಪಿಇಜಿ’ ಎಂದಿರಬೇಕು. ಒಂದೇ ಅಕ್ಷರದ ವ್ಯತ್ಯಾಸಕ್ಕೆ ನಾಲ್ಕು ಸಾವಿರ! ಆ ಬಾನೆಟ್ ಪಟ್ಟಿಗಳೋ, ಬಿಡಿಭಾಗದ ಅಂಗಡಿಯಲ್ಲಿ ಹೊಸದಾಗಿಯೇ ಸಿಗುತ್ತವೆ. ಜೋಡಿಗೆ ನಾನು ವಿಚಾರಿಸಿದಾಗ 38 ಪೌಂಡ್.

ಅಲ್ಲಿಗೂ ಮುಗಿಯಲಿಲ್ಲ. ಕ್ರ್ಯಾಂಕ್ ಉಜ್ಜಿಸಿದ್ದಕ್ಕೆ 340, ಬೇರಿಂಗುಗಳಿಗೆ 190, ವಾಟರ್ ಪಂಪಿಗೆ 165 ಪೌಂಡ್ ಹೋಯಿತು. ಬ್ರೇಕ್ ಲೈನರ್ ತರಿಸಲು ಅಂಗಡಿಗೆ ಫೋನ್ ಮಾಡಿ ‘ಎಂಜಿ ಟಿಎಫ್’ ಎಂದಷ್ಟೇ ಹೇಳಿದೆ. ಬಂದದ್ದು ಡಿಸ್ಕ್ ಪ್ಯಾಡುಗಳು. 2002ರಲ್ಲಿ, ಎಂಜಿನ್ ಸೀಟಿನ ಹಿಂದಿರುವ ಹೊಸ ಕಾರಿಗೂ ಅದೇ ಹೆಸರನ್ನಿಟ್ಟರಲ್ಲ, ಅದಕ್ಕೆ ಹೊಂದುವವು. ನನ್ನದಕ್ಕೆ ನಾಲ್ಕೂ ಡ್ರಮ್. ತಪ್ಪು ನನ್ನದೆಂದು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ತಂತಿಚಕ್ರ (ಯಾರ್ಕ್):
ಪಟ್ಟಿ ನೋಡಿ ಕಾರು ಕೊಂಡವರಿಗೆ ಯಾರೇನು ಮಾಡಲಾಗುತ್ತದೆ? ನನ್ನದು 1948ರ ಟಿಸಿ, ಟಿಡಿಗೂ ಹಿಂದಿನ ಮಾದರಿ, ಎಂಜಿಯ ನಿಜವಾದ ರೂಪ ಅದೊಂದರಲ್ಲೇ ಇದೆ ಎಂದು ಇಂದಿಗೂ ನಂಬಿದ್ದೇನೆ. 19 ಇಂಚಿನ ಸ್ಪೋಕ್ ಚಕ್ರ, ಸ್ಟಿಯರಿಂಗ್ ಬಲಗಡೆಗೆ ಮಾತ್ರ. ಅಮೆರಿಕಕ್ಕೆ ಹೋದವೂ ಹಾಗೆಯೇ ಹೋದವು. ಕೊಳ್ಳುವ ಮುನ್ನ ನಾನು ಎಡ ಮುಂಭಾಗದ ಚಾಸಿ ತುದಿಯ ಬಣ್ಣ ಕೆರೆಯುತ್ತಾ ಎರಡು ಗಂಟೆ ಒದ್ದೆ ಹುಲ್ಲಿನ ಮೇಲೆ ಮಲಗಿದ್ದೆ. ಮೂರು ಪದರ ಬಣ್ಣ, ಒಂದು ಪದರ ಟಾರು, ಆಮೇಲೆ ಅಂಕೆಗಳು ಒಂದೊಂದಾಗಿ ಮೂಡಿದವು. ಟಿಸಿಯ ಚಾಸಿ ಸಂಖ್ಯೆಗಳು 0251ರಿಂದ ಆರಂಭವಾದದ್ದು ಏಕೆಂದು ಗೊತ್ತೇ? ಎಂಜಿಯ ಅಬಿಂಗ್ಡನ್ ಕಾರ್ಖಾನೆಯ ದೂರವಾಣಿ ಸಂಖ್ಯೆ 251. ಇಂಥ ಕಾರಿಗೆ 26,500 ಪೌಂಡ್ ಕೊಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

‘ಮಿಡ್ಜೆಟ್’ ಎಂಬ ಹೆಸರನ್ನು ನಂಬಬೇಡಿ. 1929ರ ಎಂ-ಟೈಪ್ ಮಿಡ್ಜೆಟ್, ಟಿ ಸರಣಿಯೆಲ್ಲ ಮಿಡ್ಜೆಟ್, 1961ರಲ್ಲಿ ಇನ್ನೊಂದು ಬ್ರಿಟಿಷ್ ಕಾರಾದ ಆಸ್ಟಿನ್-ಹೀಲಿ ಸ್ಪ್ರೈಟ್‌ಗೆ ಬೇರೆ ಮುಖ ಕೊಟ್ಟು ಮಾರಿದ ಕಾರೂ ಮಿಡ್ಜೆಟ್.

ಗ್ರೀಸ್ ಕೈ:
ತಂತಿಚಕ್ರದವರೇ, ನಿಮ್ಮ ಟಿಸಿಯ ಸ್ಟಿಯರಿಂಗನ್ನು ಎರಡಂಗುಲ ತಿರುಗಿಸಿದ ಮೇಲಷ್ಟೇ ಚಕ್ರಕ್ಕೆ ಸುದ್ದಿ ಮುಟ್ಟುತ್ತದೆ. ರ್‍ಯಾಕ್ ಆ್ಯಂಡ್ ಪಿನಿಯನ್ ಸ್ಟಿಯರಿಂಗ್ (ಹಲ್ಲುಪಟ್ಟಿಯ ಮೇಲೆ ಹಲ್ಲುಗಾಲಿ ಓಡಿ ಚಕ್ರವನ್ನು ನೇರವಾಗಿ ತಿರುಗಿಸುವಂಥದ್ದು) ಟಿ ಸರಣಿಗೆ ಬಂದದ್ದು 1950ರ ಟಿಡಿಯಲ್ಲಿ. ಒದ್ದೆ ಹುಲ್ಲಿನ ಕಥೆಯನ್ನು ನೀವು ಇಲ್ಲಿ ಹೇಳಿದ್ದು ಇದು ಮೂರನೆಯ ಸಲ.

ನ್ಯೂಜೆರ್ಸಿ ಹೀಲಿ:
ನಿಮ್ಮಿಬ್ಬರದೂ ಸಣ್ಣ ನಷ್ಟ. ನಾನು 2009ರಲ್ಲಿ ‘ಆಸ್ಟಿನ್-ಹೀಲಿ 3000’ ಎಂದು ಕೊಂಡ ಕಾರಿನ ಮುಂಚಕ್ರವನ್ನು ಮೊದಲ ಬಾರಿ ಕಳಚಿದಾಗ ಡಿಸ್ಕ್ ಇರಬೇಕಾದಲ್ಲಿ ಡ್ರಮ್ ಇತ್ತು. ಎದೆ ಧಸಕ್ಕೆಂದಿತು. ಚಾಸಿ ತಗಡಿನಲ್ಲಿ ‘ಬಿಎನ್4’, ಎಂಜಿನ್ ಸಂಖ್ಯೆಯ ಆರಂಭದಲ್ಲಿ ‘26ಡಿ’. ಅಂದರೆ ಅದು 3000ಕ್ಕಿಂತ ಹಿಂದಿನ ಮಾದರಿಯಾದ 100-6, 2639 ಸಿಸಿ. 3000 ಆಗಿದ್ದರೆ ‘29ಡಿ’ ಎಂದಿರುತ್ತಿತ್ತು. ಎರಡಕ್ಕೂ ಗ್ರಿಲ್ಲಿನ ಅಡ್ಡಪಟ್ಟಿಗಳು ಅದೇ ಅಲೆಯಂಥವಾದ್ದರಿಂದ ನಡುವಿನ ಬಿಲ್ಲೆಯೊಂದನ್ನು ಬದಲಿಸಿದರೆ ಸಾಕಾಗಿತ್ತು. ಹೆಸರಿಟ್ಟವರಿಗೂ ಒಂದು ನಮಸ್ಕಾರ: 100 ಎಂದರೆ ಗಂಟೆಗೆ ನೂರು ಮೈಲಿ ವೇಗವಂತೆ, 3000 ಎಂದರೆ 2912 ಸಿಸಿಯನ್ನು ಮೇಲಕ್ಕೆ ಎಳೆದು ಮಾಡಿದ ಅಂಕೆಯಂತೆ! ಮುಂದಕ್ಕೆ ಡಿಸ್ಕ್ ಬ್ರೇಕ್ ಕೂರಿಸಲು ಭಾಗಗಳಿಗೆ 1,480 ಡಾಲರ್, ಕೂಲಿಗೆ 900, ಮೊದಲ ಮೆಕ್ಯಾನಿಕ್ ಕೆಡಿಸಿದ್ದನ್ನು ಸರಿಪಡಿಸಲು ಮತ್ತೆ 620.

ಬಸವನಗುಡಿ:
ಎಲ್ಲರೂ ‘ವಿಂಟೇಜ್’ ಎಂದು ಮಾತನಾಡುವಿರಿ ಎಂದು ಕಾಯುತ್ತಿದ್ದೆ. ಯಾರೂ ಬಳಸದಿರುವುದು ಸಂತೋಷ. ಬ್ರಿಟನ್ನಿನ ಸಂಪ್ರದಾಯದಂತೆ 1930ರ ಕೊನೆಯೊಳಗೆ ತಯಾರಾದದ್ದು ಮಾತ್ರ ವಿಂಟೇಜ್. ನಮ್ಮ ಭಾರತದಲ್ಲಿ 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದರೆ ಸಾಕು, 20,000 ರೂಪಾಯಿ ಶುಲ್ಕ ಕಟ್ಟಿದರೆ ‘ವಿಎ’ ಅಕ್ಷರಗಳ ನಂಬರ್ ಪ್ಲೇಟ್ ಸಿಗುತ್ತದೆ.

ತಂತಿಚಕ್ರ:
ಯಾರೂ ಬಳಸದ ಪದಕ್ಕೆ ತಿದ್ದುಪಡಿಯೇ? ನೀವು ಟ್ರಯಂಫ್ ಟಿಆರ್3ಎ ಕಾರು ಇಟ್ಟುಕೊಂಡವರಲ್ಲವೇ? ಆ ‘ಎ’ ಅಕ್ಷರವನ್ನು ನಿಮ್ಮ ಕಾರಿನ ಮೇಲೆಲ್ಲಾದರೂ ತೋರಿಸಿ ನೋಡೋಣ.

ಬಸವನಗುಡಿ:
ಕಾರಿನ ಮೇಲೆ ‘ಟಿಆರ್3’ ಎಂದೇ ಇದೆ, ಎಲ್ಲ ಟಿಆರ್3ಎಗಳ ಮೇಲೂ ಹಾಗೆಯೇ ಇದೆ. ಅಗಲವಾದ ಗ್ರಿಲ್ ಮತ್ತು ಬಾಗಿಲಿನ ಹೊರ ಹಿಡಿಕೆ ನೋಡಿ ಗುರುತಿಸಬೇಕು. ಕಣ್ಣಿದ್ದವರಿಗೆ ಅಷ್ಟು ಸಾಕು.

ರೆಡಿಂಗ್ ವಾಸಿ:
ಹಿರಿಯರೆಲ್ಲರಿಗೂ ವಂದನೆಗಳು. ನನ್ನ ಸ್ಪೋಕ್ ಚಕ್ರದ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ.

ಗ್ರೀಸ್ ಕೈ:
ಕ್ಷಮಿಸಿ. ಟಿಡಿಗೆ ಕಾರ್ಖಾನೆಯಿಂದ ಸ್ಪೋಕ್ ಚಕ್ರ ಬರುತ್ತಲೇ ಇರಲಿಲ್ಲ. ಟಿಎಫ್‌ಗೆ ಬೇಕೆಂದವರಿಗೆ ಕೊಡುತ್ತಿದ್ದರು. ನೀವು ನೋಡಿದ ಕಾರಿಗೆ ಯಾರೋ ನಂತರ ಹಾಕಿಸಿದ್ದಾರೆ. ಟಿಎಫ್ ಆಗಿದ್ದರೆ ರೇಡಿಯೇಟರು ಹಿಂದಕ್ಕೆ ವಾಲಿರುತ್ತದೆ, ಹೆಡ್‌ಲೈಟು ಮಡ್‌ಗಾರ್ಡಿನೊಳಗೆ ಹುದುಗಿರುತ್ತದೆ. ವರ್ಷವನ್ನು ಹಿಡಿದು ವಾದಿಸಬೇಡಿ, 1953ರಲ್ಲಿ ಎರಡೂ ತಯಾರಾದವು. ಚಾಸಿ ಸಂಖ್ಯೆ ‘ಟಿಡಿ’ ಎಂದೇ ಆರಂಭವಾಗುತ್ತದೆಯೇ ನೋಡಿ.

ರೆಡಿಂಗ್ ವಾಸಿ:
ಶನಿವಾರ ಟಾರ್ಚ್ ಹಿಡಿದು ಹೋಗಿದ್ದೆ. ತಗಡಿನಲ್ಲಿ ಟಿಡಿ ಎಂದೇ ಇದೆ. ಮಾರಾಟಗಾರರು ಸ್ವಲ್ಪ ಹೊತ್ತು ಅದನ್ನೇ ದಿಟ್ಟಿಸಿ, ‘ಹಾಗಿದ್ದರೆ 17,000 ಕೊಡಿ’ ಎಂದರು. ನಾನು ಇನ್ನೂ ಒಪ್ಪಿಲ್ಲ.

ಗ್ರೀಸ್ ಕೈ:
16,000ಕ್ಕೆ ಕೇಳಿ. ಅಂದಹಾಗೆ, 2002ರ ಟಿಎಫ್ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಡಿಸ್ಕ್ ಪ್ಯಾಡುಗಳು ಇನ್ನೂ ಡಬ್ಬಿ ಒಡೆಯದೆ ನನ್ನ ಶೆಡ್ಡಿನಲ್ಲಿವೆ. ಅಂಚೆ ಖರ್ಚು ಕೊಟ್ಟರೆ ಕಳುಹಿಸುತ್ತೇನೆ.