ಕಾಪರ್-ಟಿ ಫಾರ್ವರ್ಡ್ ಮೇಲೆ ಜಗಳ

ಪ್ರಕಾಶ: (ಫಾರ್ವರ್ಡ್) «ರಾಕ್‌ಫೆಲ್ಲರ್ ಫೌಂಡೇಶನ್ ಗರ್ಭ ತಡೆಯೋಕೆ ಗರ್ಭಕೋಶದೊಳಗೆ ಇಡೋ ಕಾಪರ್-ಟಿ ಮಾಡಿ ನಮ್ಮ ಹೆಣ್ಣುಮಕ್ಕಳ ಮೇಲೆ ಪ್ರಯೋಗಿಸಿತು. ಅಮೆರಿಕದಲ್ಲಿ ಅದೇ ಸಾಧನ ಬಂದ್! ಎಮರ್ಜೆನ್ಸಿ ಕಾಲದ ಸಂತಾನಹರಣ ಆಪರೇಷನ್‌ಗೂ ಅವರದೇ ದುಡ್ಡು. ಎಲ್ಲರಿಗೂ ಕಳಿಸಿ»

ಸುಧಾ: ಒಂದೇ ಉಸಿರಿಗೆ ಮೂರು ತಪ್ಪು. ಕಾಪರ್-ಟಿ ಮಾಡಿದ್ದು ಫೌಂಡೇಶನ್ ಅಲ್ಲ, ಪಾಪ್ಯುಲೇಷನ್ ಕೌನ್ಸಿಲ್ ಅನ್ನೋ ಸಂಸ್ಥೆ. ಜನಸಂಖ್ಯೆ ವಿಷಯಕ್ಕೆ ಕೈಹಾಕೋಕೆ ಮನೆತನದ ಫೌಂಡೇಶನ್ ಹಿಂದೆಮುಂದೆ ನೋಡ್ತಿದ್ದಕ್ಕೇ ಮೂರನೇ ಜಾನ್ ಡಿ. ರಾಕ್‌ಫೆಲ್ಲರ್ 1952ರಲ್ಲಿ ಬೇರೆ ಸಂಸ್ಥೆ ಕಟ್ಟಿದ್ದು. ಆಮೇಲೆ ಫೋರ್ಡ್ ಫೌಂಡೇಶನ್ ಕೂಡ ದುಡ್ಡು ಹಾಕಿತು.

ಸುಧಾ: ಅಮೆರಿಕದಲ್ಲಿ 1974ರಲ್ಲಿ ಮಾರಾಟ ನಿಂತಿದ್ದು ಗರ್ಭಕೋಶದಲ್ಲಿ ಇಡೋ ಬೇರೊಂದು ಸಾಧನ, ಡಾಲ್ಕನ್ ಶೀಲ್ಡ್. ಅದು ಖಾಸಗಿ ಕಂಪನಿಯ ಮಾಲು. ಅದರ ದಾರ ನೂರಾರು ಎಳೆಯದು, ಮೇಲೊಂದು ಕವಚ. ಬತ್ತಿಗೆ ಎಣ್ಣೆ ಏರಿದ ಹಾಗೆ ಬ್ಯಾಕ್ಟೀರಿಯಾ ಗರ್ಭಕೋಶಕ್ಕೆ ಏರ್ತಿತ್ತು. ಕಾಪರ್-ಟಿ ದಾರ ಒಂಟಿ ಎಳೆ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1984ರಲ್ಲಿ ಕಾಪರ್-ಟಿ 380ಎ ಮಾದರಿಯನ್ನ ಒಪ್ಪಿದೆ, ಇವತ್ತಿಗೂ ಸಿಗುತ್ತೆ. ಹೆಸರಲ್ಲಿರೋ 380 ಅಂದ್ರೆ ಹೊರಗೆ ಕಾಣೋ ತಾಮ್ರದ ಚದರ ಮಿ.ಮೀ. ಕಾಂಡದ ತಂತಿ, ಎರಡು ತೋಳಿನ ಪಟ್ಟಿ ಸೇರಿಸಿ.

ವಿಶ್ವ: ಸಾಧನಕ್ಕೆ ಸರ್ಟಿಫಿಕೇಟ್ ಕೊಟ್ಟಾಯ್ತು. ಕೌನ್ಸಿಲನ್ನ ಮೊದಲ ವರ್ಷಗಳಲ್ಲಿ ನಡೆಸಿದ ಫ್ರೆಡರಿಕ್ ಆಸ್ಬರ್ನ್ ಅಮೆರಿಕನ್ ಯೂಜೆನಿಕ್ಸ್ ಸೊಸೈಟಿಯ ಮುಖಂಡ. ಯೂಜೆನಿಕ್ಸ್ ಅಂದ್ರೆ ‘ಒಳ್ಳೇ ತಳಿ’ಯವರು ಮಾತ್ರ ಹೆಚ್ಚಬೇಕು ಅನ್ನೋ ವಾದ. ಇದು ಯಾಕೆ ಬಾಯಿಗೆ ಬರಲಿಲ್ಲ?

ಸುಧಾ: ಅಲ್ಲಗಳೆಯಲ್ಲ. ಆ ವಾಸನೆ ಇತ್ತು. ಆದ್ರೆ ಎಮರ್ಜೆನ್ಸಿ ಲೆಕ್ಕ ಅವರ ತಲೆಗೆ ಕಟ್ಟೋಕಾಗಲ್ಲ. 1976-77ರ 82 ಲಕ್ಷ ಸಂತಾನಹರಣ ನಮ್ಮ ಸರ್ಕಾರದ ಗುರಿ, ನಮ್ಮ ಅಧಿಕಾರಿಗಳ ಒತ್ತಡ.

ವಿಶ್ವ: ಗುರಿ ಕೊಟ್ಟು ಎಣಿಸೋ ಚಾಳಿ ಹತ್ತಿದ್ದು ಎಮರ್ಜೆನ್ಸಿಗೆ ಹತ್ತು ವರ್ಷ ಮೊದಲು, ಗರ್ಭಕೋಶದಲ್ಲಿ ಇಡೋ ಪ್ಲಾಸ್ಟಿಕ್ ಸಾಧನ ಲಿಪ್ಪೀಸ್ ಲೂಪ್ ಕಾಲಕ್ಕೆ. 1965ರಲ್ಲಿ ಕೌನ್ಸಿಲ್ ಸಲಹೆಗಾರರೂ ಲೂಪಿನ ಪರ ವಕಾಲತ್ತು ಹಾಕಿದ್ರು. ಕ್ಯಾಂಪಲ್ಲಿ ಹಾಕಿದ್ದೇ ಹಾಕಿದ್ದು, ಮೊದಲೇ ರಕ್ತಹೀನತೆ ಇರೋ ಹೆಂಗಸಿಗೆ ತಿಂಗಳುಗಟ್ಟಲೆ ರಕ್ತಸ್ರಾವ ಆದ್ರೆ ನೋಡೋರಿಲ್ಲ. ಎರಡೇ ವರ್ಷದಲ್ಲಿ ಹೆಸರು ಕೆಟ್ಟು ಸಂಖ್ಯೆ ಕುಸಿಯಿತು.

ಸುಧಾ: ಅಲ್ಲಿಗೆ ತಪ್ಪು ಪ್ಲಾಸ್ಟಿಕ್ಕಿನದಲ್ಲ, ಫಾಲೋ-ಅಪ್ಪಿನದು.

ವಿಶ್ವ: ದುಡ್ಡೆಲ್ಲ ಸಾಧನಕ್ಕೆ ಸುರಿದು ಫಾಲೋ-ಅಪ್ಪಿಗೆ ಚಿಲ್ಲರೆ ಇಟ್ರೆ ಅದೂ ದುಡ್ಡು ಕೊಟ್ಟವರ ಆಯ್ಕೆಯೇ. 1974ರಲ್ಲಿ ಬುಕಾರೆಸ್ಟ್‌ನ ವಿಶ್ವ ಜನಸಂಖ್ಯಾ ಸಮ್ಮೇಳನದ ಹೊತ್ತಿಗೆ ಅದೇ ರಾಕ್‌ಫೆಲ್ಲರ್ ‘ಅಭಿವೃದ್ಧಿ, ಹೆಂಗಸರ ಸ್ಥಾನಮಾನ ಬಿಟ್ಟು ಬರೀ ಕುಟುಂಬ ಯೋಜನೆ ಸಾಲದು’ ಅನ್ನೋ ಮಾತಿಗೆ ಬಂದ್ರು. ತಡವಾಗಿ.

ಸುಧಾ: ಅದು ಒಪ್ಪಿದೆ. ಕಾಪರ್-ಟಿಯಲ್ಲೂ ಕೈತಪ್ಪಿದ್ರೆ ಕಷ್ಟ. ತೋಳು ಮಡಚಿ ಕೊಳವೆಯಲ್ಲಿ ಐದು ನಿಮಿಷ ದಾಟಿಸಿದ್ರೆ ಸರಿಯಾಗಿ ಬಿಚ್ಚಿಕೊಳ್ಳಲ್ಲ. ಒಳಗಿನ ಕಡ್ಡಿ ಅಲ್ಲಾಡಿಸದೆ ಹಿಡಿದು ಕೊಳವೆಯನ್ನ ಹಿಂದಕ್ಕೆ ಎಳೀಬೇಕು. ಕಡ್ಡಿ ಒತ್ತಿ ತಳ್ಳಿದ್ರೆ ಗರ್ಭಕೋಶ ತೂತಾಗೋ ಅಪಾಯ. ಗುರಿ ಮುಟ್ಟಿಸೋ ಅವಸರದಲ್ಲಿ ಆಗೋದು ಇದೇ.

ಪ್ರಕಾಶ: ಸರಿ ಮಾರಾಯ್ರೆ, ಡಿಲೀಟ್ ಮಾಡ್ತೀನಿ.

ವಿಶ್ವ: ಮಾಡು. ಆಸ್ಬರ್ನ್ ವಿಷಯ ಮಾತ್ರ ಇರ್ಲಿ.