ಜಠರ ಕ್ಯಾನ್ಸರ್ ತಪಾಸಣೆ ನಮ್ಮ ಕರಾವಳಿಯಲ್ಲಿ ಯಾರ ಕೈಗೆಟುಕುತ್ತದೆ?

ಪ್ರಶ್ನೆ (ಅಂಕೋಲಾ):
ದೋಣಿಯಲ್ಲಿ ದುಡಿಯುವ ನನ್ನ ಚಿಕ್ಕಪ್ಪ ತಿಂಗಳುಗಟ್ಟಲೆ ಹೊಟ್ಟೆಯುರಿಗೆ ಔಷಧಿ ಅಂಗಡಿಯ ಗುಳಿಗೆ ನುಂಗಿ, ಕೊನೆಗೆ ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸಿ ಜಠರ ನೋಡುವ ಪರೀಕ್ಷೆ) ಮಾಡಿಸುವ ಹೊತ್ತಿಗೆ ಕಾಯಿಲೆ ಬಲಿತಿತ್ತು. ಸಂಬಳದ ನೌಕರಿಯಲ್ಲಿರುವ ನೆರೆಯವರೊಬ್ಬರಿಗೆ ಅದೇ ಪರೀಕ್ಷೆ ವಾರದೊಳಗೆ ಆಯಿತು. ಸರ್ಕಾರಿ ತಪಾಸಣೆಯಲ್ಲಿ ಜಠರ ಏಕೆ ಸೇರಿಲ್ಲ?

ಉತ್ತರ 1 (ಶಿರಸಿ):
ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳಿಗಷ್ಟೇ ತಪಾಸಣೆಯಿದೆ. ಬಾಯಿಯನ್ನು ಉಪಕೇಂದ್ರದಲ್ಲೇ ನೋಡಬಹುದು. ಎಂಡೋಸ್ಕೋಪಿಗೆ ಉಪಕರಣವೂ ಪಳಗಿದ ವೈದ್ಯರೂ ಬೇಕು. ಈ ರೋಗ ಹೆಚ್ಚಾಗಿರುವ ದಕ್ಷಿಣ ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ತಪಾಸಣೆಯಿದ್ದು, ಕಡಿಮೆ ಆದಾಯದವರಿಗೆ ಅದು ಉಚಿತ. ಆದರೂ ಅಲ್ಲಿ ಬಡವರ ಹಾಜರಾತಿ ಕಡಿಮೆಯೇ ಎಂಬುದು ಗಮನಾರ್ಹ.

ಉತ್ತರ 2 (ಕಾರವಾರ):
ಶುಲ್ಕ ಮನ್ನಾ ಆದರೂ ದಿನಗೂಲಿ ಮನ್ನಾ ಆಗುವುದಿಲ್ಲವಲ್ಲ! ಮಣಿಪಾಲಕ್ಕೋ ಮಂಗಳೂರಿಗೋ ಹೊರಟರೆ ಒಂದು ದಿನದ ಕೂಲಿ, ಜೊತೆಗೆ ಬರುವವರ ಕೂಲಿ, ಬಸ್ಸಿನ ಖರ್ಚು ಎಲ್ಲವೂ ಸೇರುತ್ತವೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಆದರೆ ಅದು ಮುಖ್ಯವಾಗಿ ರೋಗ ಪತ್ತೆಯಾದ ನಂತರದ ಚಿಕಿತ್ಸೆಗೆ. ನನ್ನ ದೃಷ್ಟಿಯಲ್ಲಿ ಅಸಮಾನತೆ ಹುಟ್ಟುವುದು ಪತ್ತೆಗೆ ಮುಂಚಿನ ಆ ತಿಂಗಳುಗಳಲ್ಲಿಯೇ.

ಉತ್ತರ 3 (ಕುಮಟಾ):
ಎಲ್ಲರಿಗೂ ಎಂಡೋಸ್ಕೋಪಿ ಎಂಬ ಬೇಡಿಕೆಗಿಂತ, ತೂಕ ಇಳಿಯುವುದು, ಕಪ್ಪು ಮಲ, ನುಂಗಲು ಕಷ್ಟ, ರಕ್ತಹೀನತೆ ಇರುವವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಡಮಾಡದೆ ಜಿಲ್ಲಾಸ್ಪತ್ರೆಗೆ ಕಳುಹಿಸುವ ವ್ಯವಸ್ಥೆಯನ್ನು ಮೊದಲು ಕೇಳೋಣ. ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು 1994ರಲ್ಲೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಲಾಗಿದೆ. ಇಕ್ಕಟ್ಟಾದ ಮನೆ, ಶುದ್ಧ ನೀರಿಲ್ಲದ ಕೇರಿಗಳಲ್ಲಿ ಅದರ ಸೋಂಕು ಹೆಚ್ಚು. ಚಿಕ್ಕಪ್ಪನವರ ಒಡಹುಟ್ಟಿದವರು ಈ ಸೋಂಕಿನ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಲಿ.